ರೈಲು ಕಂಪನಿಯ ಕೋಣಗಳು

ಸೂರ್ಯ ನಮ್ಮ ಊರಿಗಿಂತ ಮೂರೂವರೆ ಗಂಟೆ ಮೊದಲೇ ಎದ್ದು ಮುಖ ತೊಳೆದುಕೊಳ್ಳುವ ಒಂದು ದೇಶದಲ್ಲಿ, ಒಂದು ರೈಲು ಕಂಪನಿ ಕೋಣಗಳ ಹಿಂಡೊಂದನ್ನು ಸಾಕಿಕೊಂಡಿತ್ತಂತೆ. ಹೆಸರಿಗಷ್ಟೇ ಕೋಣಗಳು. ನಿಜಕ್ಕೆ ಎರಡು ಕಾಲಿನ ಆಳುಗಳು, ತಲೆಗೆ ಟೋಪಿ, ಕೈಯಲ್ಲಿ ದೊಣ್ಣೆ. ಹಿಂಡು ಬಲವಾಗಿತ್ತು, ಮೇವಿಗೆ ಕೊರತೆ ಇರಲಿಲ್ಲ. ಆದರೆ ಅದಕ್ಕೊಂದು ಶಾಪ ತಗುಲಿಕೊಂಡಿತ್ತು. ಎಷ್ಟು ಹೊಡೆದಾಡಿ ಗೆಲುವಿನ ಬಾಗಿಲ ತನಕ ಬಂದರೂ ಹೊಸ್ತಿಲಿಗೆ ಎಡವಿ ಬೀಳುತ್ತಿತ್ತು. ಶಾಪ ಎಲ್ಲಿಂದ ಬಂತು ಅಂತ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಒಬ್ಬನಿಗೆ ಬಿಟ್ಟು. ಯಾಕೆಂದರೆ ಆ ಶಾಪ ತಾನೇ ಅಂತ ಅವನು ನಂಬಿದ್ದ.

ಮೈಸೂರಿನ ನಜರಬಾದಿನಲ್ಲಿರುವ ನನ್ನ ಅಜ್ಜಿಯ ಕೈಗೆ ಈ ಕತೆ ಕೊಟ್ಟರೆ ಹೀಗೇ ಶುರು ಮಾಡುತ್ತಾರೆ. ಅವರ ಕೈತುತ್ತಿನ ಜೊತೆಗೆ ಅವರ ಕತೆಗಳನ್ನೂ ನುಂಗಿ ಬೆಳೆದವಳು ನಾನು, ಬೇರೆ ಥರ ಶುರು ಮಾಡಲು ನನಗೂ ಬರುವುದಿಲ್ಲ. ರೈಲು ಕಂಪನಿಯ ಹೆಸರು ಕಿಂತೆತ್ಸು. ಅದು ಸಾಕಿದ್ದು ಒಸಾಕಾದ ಬಫಲೋಸ್ ಎಂಬ ಬೇಸ್‌ಬಾಲ್ ತಂಡ. ತಾನೇ ಶಾಪ ಅಂದುಕೊಂಡಿದ್ದ ಮನುಷ್ಯ ನಮ್ಮ ಕ್ಲೈಂಟ್ ಕಂಪನಿಯ ವಿಭಾಗದ ಮುಖ್ಯಸ್ಥ, ಹತಾನಾಕಾ ಸಾನ್. 'ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ.

ನಾನು ಟೋಕಿಯೋಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಇಸವಿಯಲ್ಲಿ ಎರಡು ಸೊನ್ನೆ ಕಂಡರೆ ಕಂಪ್ಯೂಟರುಗಳು ಬೆದರುತ್ತವೆ, ಬ್ಯಾಂಕು ಮುಳುಗುತ್ತದೆ, ಲಿಫ್ಟು ನಿಲ್ಲುತ್ತದೆ ಅಂತ ಪ್ರಪಂಚವೆಲ್ಲ ಹೆದರಿದ್ದ ಕಾಲ. ಆ ಹೆದರಿಕೆಯೇ ನಮಗೆ ವೀಸಾ ಕೊಡಿಸಿತ್ತು. ನಿಶಿ ಕಸಾಯಿಯಲ್ಲಿ ಮನೆ, ಕೋಟೋದಲ್ಲಿ ಆಫೀಸು, ನಡುವೆ ತೋಜಾಯಿ ಲೈನಿನ ರೈಲು. ಜೊತೆಗೆ ಬೆಂಗಳೂರು ಬಸವನಗುಡಿಯ ನಂದನ್. ಅವನ ತಲೆಯಲ್ಲಿ ಅರ್ಧ ಜಾಗ ಕೋಡಿಂಗಿಗೆ, ಇನ್ನರ್ಧ ಕ್ರಿಕೆಟ್ಟಿಗೆ. ಗುಟ್ಟುಗಳಿಗೆ ಅಂತ ಜಾಗವೇ ಇರಲಿಲ್ಲ.

ಆ ವರ್ಷದ ಕೊನೆಯ ದಿನ ಕಂಪ್ಯೂಟರುಗಳು ಕೆಡುವುದನ್ನು ಕಾಯುತ್ತ ಎಲ್ಲರೂ ಆಫೀಸಿನಲ್ಲೇ ಕೂತಿದ್ದೆವು. ಏನೂ ಕೆಡಲಿಲ್ಲ. ಸುಮ್ಮನೆ ಕೂತು ಕೂತು ಬೇಜಾರಾಗಿ ಹತಾನಾಕಾ ಸಾನ್, "ಕೋಕಿಲಾ ಸಾನ್, ನಿಮ್ಮ ಊರಿನ ಕತೆ ಏನಾದರೂ ಹೇಳಿ" ಅಂದರು. ನಾನು ಅಜ್ಜಿಯ ನಿಯಮಗಳನ್ನು ಮೊದಲು ಹೇಳಿದೆ. ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಶುರು ಮಾಡಿದ ಕತೆಯನ್ನು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಅದು ಹೇಳಿದವರ ಬೆನ್ನ ಹಿಂದೆಯೇ ನಡೆದು ಬರುತ್ತದೆ. ಮತ್ತೆ, ಹಗಲು ಹೊತ್ತಿನಲ್ಲಿ ಕತೆ ಹೇಳಬಾರದು, ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಅವರು ಒಂದಕ್ಕೂ ನಗಲಿಲ್ಲ. ತಲೆ ಬಾಗಿಸಿ, ಕಣ್ಣು ಮುಚ್ಚಿ, ಪ್ರತಿ ವಾಕ್ಯಕ್ಕೂ "ಹೂಂ" ಅಂದರು. ನನ್ನ ಅಣ್ಣಂದಿರು ಯಾರೂ ಅಷ್ಟು ಚೆನ್ನಾಗಿ ಹೂಂಗುಟ್ಟಿದವರಲ್ಲ.

ನನ್ನ ಕತೆ ಮುಗಿದ ಮೇಲೆ ಅವರು ತಮ್ಮದನ್ನು ಹೇಳಿದರು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ಮೈದಾನದಲ್ಲಿ ಮೂರು ಕಟ್ಟೆ, ಒಂದು ಮನೆ. ಮನೆಯಲ್ಲಿ ನಿಂತು ದೊಣ್ಣೆ ಬೀಸಿದವನು ಓಡಿ, ಮೂರು ಕಟ್ಟೆಯನ್ನೂ ಮುಟ್ಟಿ, ತಿರುಗಿ ಮನೆಗೆ ಬಂದರೆ ಒಂದು ರನ್. ಒಂದೇ ಓಟದಲ್ಲಿ ಬರಬೇಕೆಂದಿಲ್ಲ, ಕಟ್ಟೆಯ ಮೇಲೆ ನಿಂತು ಮುಂದಿನವನು ಹೊಡೆಯುವುದನ್ನು ಕಾಯಬಹುದು. ಮೂವರು ಔಟಾದರೆ ಸರದಿ ಮುಗಿಯಿತು. ಕಟ್ಟೆಯ ಮೇಲೆ ಉಳಿದವರು ಅಲ್ಲೇ ಅನಾಥರು.

ಎಪ್ಪತ್ತೊಂಬತ್ತರಲ್ಲಿ ದೇಶದ ದೊಡ್ಡ ಪಟ್ಟಕ್ಕಾಗಿ ಕೊನೆಯ ಪಂದ್ಯ, ಕೊನೆಯ ಸರದಿ. ಹತಾನಾಕಾ ಸಾನ್ ತಮ್ಮ ತಂದೆಯ ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ. ಬಫಲೋಸ್ ಹಿಂದಿರುವುದು ಒಂದೇ ರನ್. ಮೂರು ಕಟ್ಟೆಯ ಮೇಲೂ ಒಬ್ಬೊಬ್ಬ ನಿಂತಿದ್ದಾನೆ, ಒಬ್ಬನೂ ಔಟಾಗಿಲ್ಲ. ಇನ್ನೇನು ಅನ್ನುವಷ್ಟರಲ್ಲಿ ಮೂವರೂ ಔಟು, ಮನೆಗೆ ಒಬ್ಬನೂ ಬರಲಿಲ್ಲ. ಎಂಬತ್ತೆಂಟರಲ್ಲಿ ಒಂದೇ ದಿನ ಎರಡು ಪಂದ್ಯ, ಎರಡನ್ನೂ ಗೆದ್ದರೆ ಲೀಗ್ ಪಟ್ಟ, ಅಂದರೆ ದೊಡ್ಡ ಪಟ್ಟಕ್ಕೆ ಆಡುವ ಹಕ್ಕು. ಅವರು ರಜೆ ಹಾಕಿ ನೋಡಲು ಹೋದರು. ಮೊದಲನೆಯದು ಗೆದ್ದರು. ಎರಡನೆಯದರಲ್ಲಿ ಸಮಸಮ ಇರುವಾಗಲೇ ಸಮಯದ ಮಿತಿ ಮೀರಿ, ಗಡಿಯಾರವೇ ಪಂದ್ಯವನ್ನು ಮುಗಿಸಿಬಿಟ್ಟಿತು. ಮಾರನೆಯ ವರ್ಷ ಲೀಗ್ ಗೆದ್ದೇ ಬಿಟ್ಟರು. ಅಂದು ಹತಾನಾಕಾ ಸಾನ್ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು, ನೋಡಿರಲಿಲ್ಲ. ಆಮೇಲೆ ದೊಡ್ಡ ಪಟ್ಟದ ಸರಣಿಯಲ್ಲಿ ಮೊದಲ ಮೂರು ಪಂದ್ಯವೂ ಬಫಲೋಸಿನದ್ದೇ. ಇನ್ನೊಂದು ಸಾಕು. ಹೆಂಡತಿ, "ಈಗಲಾದರೂ ನೋಡಿ, ಪರವಾಗಿಲ್ಲ" ಅಂದರಂತೆ. ಟಿವಿ ಹಾಕಿದರು. ಉಳಿದ ನಾಲ್ಕೂ ಪಂದ್ಯ ಸೋತರು.

"ಅಲ್ಲಿಂದ ಈಚೆಗೆ ನೋಡಿಲ್ಲ," ಅಂದರು ಹತಾನಾಕಾ ಸಾನ್.

ಪಕ್ಕದಲ್ಲಿದ್ದ ನಂದನ್ ಬಿಡಬೇಕಲ್ಲ. "ನೀವು ನೋಡದೇ ಇದ್ದಾಗಲೂ ಸೋತಿದ್ದಾರಲ್ಲ, ಹತಾನಾಕಾ ಸಾನ್?"

"ಅದು ಸುಮ್ಮನೆ ಸೋಲು. ನಾನು ನೋಡಿದರೆ ಎದೆ ಒಡೆಯುವ ಸೋಲು. ಎರಡಕ್ಕೂ ವ್ಯತ್ಯಾಸ ಇದೆ."

ಇದನ್ನು ಅವರು ಸಿಸ್ಟಮ್ ವರದಿ ಕೊಡುವ ದನಿಯಲ್ಲಿ ಹೇಳಿದರು.

ಆಮೇಲಿನ ವರ್ಷವೂ, ಅದರ ಹಿಂದಿನ ವರ್ಷದ ಹಾಗೇ, ಬಫಲೋಸಿಗೆ ಲೀಗಿನಲ್ಲಿ ಕೊನೆಯ ಸ್ಥಾನ. ಎರಡು ಸಾವಿರದ ಒಂದರಲ್ಲಿ ಏನಾಯಿತೋ, ಕೋಣಗಳು ಕೆಸರಿನಿಂದ ಮೈ ಕೊಡವಿಕೊಂಡು ಎದ್ದವು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಇನ್ನು ಒಂದೇ ಒಂದು ಗೆಲುವು, ಲೀಗ್ ಪಟ್ಟ ಕೈಗೆ. ಪಂದ್ಯ ಒಸಾಕಾದಲ್ಲಿ. ಅದೇ ವಾರ ನನಗೆ ಒಸಾಕಾ ಶಾಖೆಯಲ್ಲಿ ಕೆಲಸ ಬಿದ್ದಿತ್ತು.

ಹೊರಡುವ ಹಿಂದಿನ ದಿನ ಹತಾನಾಕಾ ಸಾನ್ ನನ್ನ ಮೇಜಿನ ಹತ್ತಿರ ಬಂದು, ವಿಸಿಟಿಂಗ್ ಕಾರ್ಡ್ ಕೊಡುವವರ ಹಾಗೆ ಎರಡೂ ಕೈಯಲ್ಲಿ ಒಂದು ಟಿಕೆಟ್ ಚಾಚಿದರು.

"ನಮ್ಮ ತಂದೆಯ ಸೀಟು. ಅವರು ಹೋದ ಮೇಲೂ ನಾನು ಬಿಟ್ಟಿಲ್ಲ. ಆದರೆ ಕೂತಿಲ್ಲ. ನೀವು ಕೂತು ನೋಡಬೇಕು."

"ನಾನಾ? ನನಗೆ ಅರ್ಧ ನಿಯಮವೂ ಗೊತ್ತಿಲ್ಲ."

"ನಿಯಮ ಬೇಡ. ಕಣ್ಣು ಬೇಕು. ನಿಮ್ಮ ಕಣ್ಣಿಗೆ ಯಾವ ದೋಷವೂ ಇಲ್ಲ." ದನಿ ತಗ್ಗಿಸಿದರು. "ನನಗೆ ಫೋನ್ ಮಾಡಬೇಡಿ. ಗೆದ್ದರೂ, ಸೋತರೂ. ವಾಪಸ್ ಬಂದು ಮೊದಲ ಚೆಂಡಿನಿಂದ ಹೇಳಿ, ನಿಮ್ಮ ಅಜ್ಜಿ ಹೇಳುವ ಹಾಗೆ. ಪೇಪರಿನಲ್ಲಿ ಕತೆಯ ಕೊನೆ ತಲೆಬರಹದಲ್ಲೇ ಬಂದುಬಿಡುತ್ತದೆ. ಟಿವಿಯಲ್ಲೂ ಅಷ್ಟೇ. ನನಗೆ ಐವತ್ತೆರಡು. ನನ್ನ ತಂಡದ ಕತೆಯನ್ನು, ಕೊನೆ ಗೊತ್ತಿಲ್ಲದೆ, ಎದೆ ಒಡೆದುಕೊಳ್ಳದೆ, ಒಂದು ಸಲ ಪೂರ್ತಿ ಕೇಳಬೇಕು. ಮಾತು ಕೊಡುತ್ತೀರಾ?"

ಕೊಟ್ಟೆ. ಅಜ್ಜಿಯ ಕತೆಗಳಲ್ಲಿ ಹೀಗೆ ಮಾತು ಕೊಟ್ಟವರು ಏಳು ಬೆಟ್ಟ ಹತ್ತಿ ಇಳಿಯಬೇಕಾಗುತ್ತದೆ. ನನಗೆ ಶಿಂಕಾನ್‌ಸೆನ್ ಬುಲೆಟ್ ರೈಲು ಇತ್ತು.

ಒಸಾಕಾ ಡೋಮ್ ಅಂದರೆ ಊರಿಗೇ ಒಂದು ತಟ್ಟೆ ಮುಚ್ಚಿಟ್ಟ ಹಾಗೆ. ಒಳಗೆ ಆಕಾಶವಿಲ್ಲ, ಆದರೆ ಆಕಾಶದಷ್ಟೇ ಸದ್ದು. ನನ್ನ ಸೀಟಿನ ಪಕ್ಕದಲ್ಲಿ ಕೊರಳಿಗೆ ಬಫಲೋಸ್ ಟವೆಲ್ ಸುತ್ತಿಕೊಂಡ ಒಬ್ಬ ಒಬಾಸಾನ್, ಅಂದರೆ ಅಜ್ಜಿಯೂ ಅಲ್ಲದ ಅತ್ತೆಯೂ ಅಲ್ಲದ ವಯಸ್ಸಿನ ಹೆಂಗಸು. ಒಸಾಕಾದವರ ಮಾತಿಗೂ ಟೋಕಿಯೋದವರ ಮಾತಿಗೂ ಹುಬ್ಬಳ್ಳಿಗೂ ಮೈಸೂರಿಗೂ ಇರುವಷ್ಟೇ ದೂರ. ಅದಕ್ಕೇ ಇರಬೇಕು, ಆಕೆ ಬಾಯಿ ತೆರೆದ ಕೂಡಲೇ ನನ್ನ ಕಿವಿಗೆ ಅದು ಹುಬ್ಬಳ್ಳಿ ಕನ್ನಡವಾಗಿಯೇ ಕೇಳಿಸಿತು.

"ಯಾವೂರವಾ ನೀನು?"

"ಇಂಡಿಯಾ."

"ಅಲ್ಲಿಂದ ನಮ್ಮ ಕೋಣ ನೋಡಾಕ ಬಂದೀ? ನಿಮ್ಮೂರಾಗ ಕೋಣ ಇಲ್ಲೇನು?" ಒಂದು ಅಕ್ಕಿ ಬಿಸ್ಕತ್ತನ್ನು ನನ್ನ ಕೈಗೆ ತುರುಕಿದರು. "ಈ ಖುರ್ಚಿ ಭಾಳ ದಿವಸದಿಂದ ಖಾಲಿ ಐತಿ. ಮುದುಕ ಹತಾನಾಕಾ ಕೂಡತಿದ್ದ. ಅವನ ಮಗಾ ರೊಕ್ಕ ಕಟ್ತಾನಂತ, ಬರಂಗಿಲ್ಲಂತ. ಏನ್ ಮಂದಿನೋ."

ಆ ಮಗನೇ ನನ್ನನ್ನು ಕಳಿಸಿದ್ದು ಅಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೊಂದು ಬಿಸ್ಕತ್ತು ಕೊಟ್ಟರು.

ಪಂದ್ಯ ಶುರುವಾಯಿತು. ನಾನು ಪ್ರತಿಯೊಂದನ್ನೂ ಕಣ್ಣಿನಲ್ಲಿ ತುಂಬಿಕೊಂಡೆ. ಚೆಂಡು ಎಸೆಯುವವನು ಮೊದಲು ಟೋಪಿ ಸರಿಮಾಡಿಕೊಳ್ಳುವುದು, ಹೊಡೆಯುವವನು ಕಾಲಿನಿಂದ ಮಣ್ಣು ಕೆದಕುವುದು, ತುತ್ತೂರಿ, ತಮಟೆ, ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು. ಆದರೆ ಕೋಣಗಳಿಗೆ ಅಂದು ಮೈ ಭಾರ. ಎದುರಾಳಿಗಳು ಒಂದೊಂದೇ ರನ್ ಪೇರಿಸಿಕೊಂಡು ಐದಕ್ಕೆ ಹೋದರು. ನಮ್ಮವು ಎರಡು. ಹೌದು, ಆಗಲೇ 'ನಮ್ಮವು' ಅನ್ನತೊಡಗಿದ್ದೆ.

ಕೊನೆಯ ಸರದಿಗೆ ಬಂದಾಗ ನಮ್ಮ ಸಾಲಿನವರು ಯಾರೂ ಗೊಣಗಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಇಪ್ಪತ್ತೆರಡು ವರ್ಷ ನೆನೆದವರು ಅವರು. ಒಬಾಸಾನ್ ಆಗಲೇ ಬಿಸ್ಕತ್ತಿನ ಪೊಟ್ಟಣವನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದರು.

ಆಗ ಮೊದಲನೆಯವನು ಹೊಡೆದು ಒಂದು ಕಟ್ಟೆ ಮುಟ್ಟಿದ. ಎರಡನೆಯವನು ಇನ್ನೂ ಜೋರಾಗಿ ಹೊಡೆದ, ಈಗ ಎರಡು ಮತ್ತು ಮೂರನೆಯ ಕಟ್ಟೆಯ ಮೇಲೆ ಆಳುಗಳು. ಮುಂದಿನವನಿಗೆ ಎಸೆಯುವವನು ಹೆದರಿ ಹೆದರಿ ದೂರ ದೂರ ಎಸೆದು, ದಂಡವಾಗಿ, ಅವನು ಓಡದೆಯೇ ಮೊದಲ ಕಟ್ಟೆ ಬಿಟ್ಟುಕೊಟ್ಟ. ಮೂರು ಕಟ್ಟೆಯೂ ಭರ್ತಿ. ಒಬ್ಬನೂ ಔಟಾಗಿಲ್ಲ.

ಕೂಗಾಟ ಜೋರಾಯಿತು, ಆದರೆ ನಮ್ಮ ಸಾಲು ಮಾತ್ರ ತಣ್ಣಗಾಯಿತು. ಎಪ್ಪತ್ತೊಂಬತ್ತರಲ್ಲೂ ಹೀಗೇ ಇತ್ತು. ಮೂರು ಕಟ್ಟೆ ಭರ್ತಿ, ಯಾರೂ ಔಟಾಗಿಲ್ಲ. ಬದಲಿ ಆಟಗಾರನೊಬ್ಬ ದೊಣ್ಣೆ ಹಿಡಿದು ಮನೆಯತ್ತ ನಡೆದ. ಆ ವರ್ಷವಷ್ಟೇ ಬೇರೆ ತಂಡದಿಂದ ಬಂದವನಂತೆ.

ಮೈಸೂರಿನವರ ಒಂದು ಅಭ್ಯಾಸ ಹೇಳಬೇಕು. ಎಲ್ಲ ಕಡೆಯವರದ್ದೂ ಇರಬಹುದು. ಗುಡಿಯಲ್ಲಿ ಅಲಂಕಾರ ಮುಗಿದು, ಗಂಟೆ ಬಾರಿಸಿ, ಪುರೋಹಿತರು ಸರಕ್ಕನೆ ತೆರೆ ಸರಿಸಿದ ಕ್ಷಣಕ್ಕೆ ಸರಿಯಾಗಿ ನಾವು ಕಣ್ಣು ಮುಚ್ಚುತ್ತೇವೆ. ಚಿಕ್ಕವಳಿದ್ದಾಗ ಅಜ್ಜಿ ಬೈಯುತ್ತಿದ್ದರು: "ತೆರೆ ತೆಗೆಯೋದು ನೀನು ನೋಡ್ಲಿ ಅಂತ ಕಣೇ. ಆಗಲೇ ಕಣ್ಣು ಮುಚ್ಕೋತೀಯಲ್ಲ." ಬೈಯುವ ಅಜ್ಜಿಯ ಕಣ್ಣೂ ಮುಚ್ಚಿರುತ್ತಿತ್ತು.

ಎಸೆಯುವವನು ಕೈ ಎತ್ತಿದ. ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಅಮ್ಮಾ ಚಾಮುಂಡೇಶ್ವರಿ, ಇದೊಂದು ಸಲ ಕೋಣಗಳನ್ನು ಕಾಪಾಡು, ಅಂದೆ ಮನಸ್ಸಿನಲ್ಲಿ.

ಅಂದ ಮೇಲೆ ಹೊಳೆಯಿತು. ಯಾರ ಹತ್ತಿರ ಏನು ಕೇಳುತ್ತಿದ್ದೇನೆ ನಾನು? ಕೋಣನ ತಲೆ ಕಡಿದೇ ಹೆಸರಾದವಳ ಹತ್ತಿರ? ಬೆಟ್ಟದ ಮೇಲೆ ಮಹಿಷಾಸುರ ಕತ್ತಿ ಹಿಡಿದು ನಿಂತಿರುವ ಊರಿನ ಹುಡುಗಿ ನಾನು, ಈ ತಪ್ಪು ಇನ್ಯಾರೂ ಮಾಡಲಾರರು. ಗಾಬರಿಯಿಂದ ಬಡಬಡಿಸಿದೆ. ತಾಯಿ, ಇದು ಆ ಕೋಣ ಅಲ್ಲ. ಇದು ರೈಲು ಕಂಪನಿಯದ್ದು. ಯಾರ ತಂಟೆಗೂ ಹೋಗದ ಪಾಪದ ಕೋಣ. ಒಬ್ಬರು ಮನೆಯಲ್ಲಿ ಟಿವಿಯನ್ನೂ ಹಾಕದೆ ಇದಕ್ಕಾಗಿ ಕಾಯುತ್ತಿದ್ದಾರೆ. ತ್ರಿಶೂಲ ಸ್ವಲ್ಪ ಪಕ್ಕಕ್ಕಿಡು. (ಆಕೆ ತ್ರಿಶೂಲವನ್ನು ಆ ರಾತ್ರಿಯ ಮಟ್ಟಿಗಷ್ಟೇ ಪಕ್ಕಕ್ಕಿಟ್ಟಳು ಅಂತ ಆಮೇಲೆ ಗೊತ್ತಾಯಿತು. ಅಕ್ಟೋಬರಿನ ದೊಡ್ಡ ಸರಣಿಯಲ್ಲಿ, ಸರಿಯಾಗಿ ನವರಾತ್ರಿಯಲ್ಲೇ, ಕೋಣಗಳು ಸೋತವು. ಅದು ಬೇರೆ ಕತೆ, ಅದನ್ನು ಹೇಳುತ್ತೇನೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ.)

ಹೀಗೆ ನಾನು ಅಮ್ಮನಿಗೆ ಕೋಣ ಕೋಣಗಳ ವ್ಯತ್ಯಾಸ ವಿವರಿಸುತ್ತಿರುವಾಗಲೇ ಆ ಸದ್ದು ಕೇಳಿಸಿತು.

ಕಣ್ಣು ಬಿಟ್ಟರೆ ಎಲ್ಲ ಮುಗಿದಿತ್ತು. ಇಡೀ ಡೋಮ್ ಎದ್ದು ನಿಂತಿತ್ತು. ಮುಂದಿನ ಸಾಲಿನ ಅಂಗಿ-ಟೈ ಹಾಕಿದ ಮನುಷ್ಯ ಗುರುತಿಲ್ಲದ ನನ್ನ ಕೈ ಹಿಡಿದು ಅಲ್ಲಾಡಿಸುತ್ತಿದ್ದ. ನಾನು ಒಬಾಸಾನ್ ಕಡೆ ತಿರುಗಿದೆ. ಆಕೆ ಮುಖಕ್ಕೆ ಟವೆಲ್ ಒತ್ತಿ ಹಿಡಿದಿದ್ದರು.

"ಒಬಾಸಾನ್, ಚೆಂಡು ಎಲ್ಲಿ ಹೋಯಿತು?"

ಟವೆಲ್ ಕೆಳಗಿಳಿಯಿತು. "ನನ್ನೇನು ಕೇಳ್ತಿ? ನೀ ನೋಡ್ಲಿಲ್ಲಾ?"

"ಇಲ್ಲ. ಕಣ್ಣು ಮುಚ್ಚಿದ್ದೆ."

"ನಾನೂ ಟವೆಲ್‌ನಾಗಿದ್ದೆ. ನಾ ನೋಡಿದ್ರ ಇವು ಸೋಲ್ತಾವ. ಎಪ್ಪತ್ತೊಂಬತ್ತರಾಗ ನಾನಽ ನೋಡಿ ಸೋಲಿಸೀನಿ." ಮುಂದಿನ ಸಾಲಿನವನ ಬೆನ್ನಿಗೆ ಗುದ್ದಿದರು. "ಏ ತಮ್ಮಾ, ನೀನಾರ ನೋಡಿದೇನು?"

ಅಂಗಿ-ಟೈನವನು ಸಂಕೋಚದಿಂದ ತಲೆ ಕೆರೆದುಕೊಂಡ. "ಸುಮಿಮಾಸೆನ್, ಕ್ಷಮಿಸಿ. ನಾನು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ನಾನು ನೋಡಿದರೆ ಆಗಿಬರುವುದಿಲ್ಲ." ಅವನ ಪಕ್ಕದ ಮುದುಕರು ಮೇಲಿನ ಚಾವಣಿಯನ್ನು ನೋಡುತ್ತಿದ್ದರಂತೆ. ಕಾರಣ ಅದೇ.

ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಬಿಯರ್ ಮಾರುವ ಹುಡುಗಿ ಸಿಕ್ಕಿಬಿದ್ದಿದ್ದಳು, ಬೆನ್ನಿಗೆ ಪೀಪಾಯಿ, ಕೈಯಲ್ಲಿ ನಳಿಗೆ. ಅವರು ಯಾವಾಗಲೂ ಜನರ ಕಡೆಗೆ ಮುಖ ಮಾಡಿ ನಿಲ್ಲಬೇಕು, ಆಟ ಅವರ ಬೆನ್ನ ಹಿಂದೆ. ಒಬಾಸಾನ್ ಅವಳನ್ನೂ ಬಿಡಲಿಲ್ಲ.

"ನಾನು ಮೈದಾನ ನೋಡಲಿಲ್ಲ," ಅಂದಳು ಹುಡುಗಿ. "ನಿಮ್ಮನ್ನು ನೋಡಿದೆ."

"ನಾವು ಹ್ಯಾಂಗಿದ್ವಿ?"

ಅವಳು ಒಂದು ಕ್ಷಣ ಯೋಚಿಸಿದಳು. "ಈ ಭಾಗದಲ್ಲಿ ಎಲ್ಲರ ಕಣ್ಣೂ ಮುಚ್ಚಿತ್ತು. ಸದ್ದು ಕೇಳಿದ ಮೇಲೆ ಒಂದೊಂದೇ ತೆರೆಯಿತು. ದೀಪ ಹಚ್ಚಿದ ಹಾಗೆ."

ನಮ್ಮ ಸಾಲು ಹಾಗೆ ನಕ್ಕದ್ದನ್ನು ಹತಾನಾಕಾ ಸಾನ್ ತಂದೆಯ ಸೀಟು ಹಿಂದೆಂದೂ ಕೇಳಿರಲಿಕ್ಕಿಲ್ಲ. ಹೊರಡುವಾಗ ಒಬಾಸಾನ್ ನನ್ನ ಕಿವಿಯಲ್ಲಿ ಒಂದು ಸಂದೇಶ ಹೇಳಿ ಕಳಿಸಿದರು.

ಹೋಟೆಲಿಗೆ ಬಂದ ಮೇಲೆ ನನಗೆ ಚಿಂತೆ ಹತ್ತಿತು. ಕಣ್ಣಾರೆ ನೋಡಿ ಹೇಳುತ್ತೇನೆ ಅಂದಿದ್ದೆ. ಎಲ್ಲ ನೋಡಿ, ಅದೊಂದನ್ನೇ ನೋಡಲಿಲ್ಲ. ಟಿವಿಯಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು, ನಾನೂ ನೋಡಿದೆ. ಆದರೆ ಟಿವಿಯಲ್ಲಿ ಕಂಡದ್ದನ್ನು ಹೇಳಲು ನಾನ್ಯಾಕೆ, ಟಿವಿಯೇ ಇದೆಯಲ್ಲ. ಅಷ್ಟರಲ್ಲಿ ಇನ್ನೂ ದೊಡ್ಡ ಅಪಾಯ ನೆನಪಾಗಿ ನಂದನನಿಗೆ ಫೋನ್ ಮಾಡಿದೆ.

"ಏನೇ ಕೋಕಿ, ಮ್ಯಾಚ್‌ನಲ್ಲಿದ್ಯಂತೆ? ಸಖತ್ ಗುರು. ಶಾರ್ಜಾ ಲಾಸ್ಟ್ ಬಾಲ್ ಸಿಕ್ಸರ್ ಇದರ ಮುಂದೆ ಏನೂ ಅಲ್ಲ ಬಿಡು. ನಾಳೆ ಬೆಳಿಗ್ಗೆ ಹತಾನಾಕಾ ಸಾನ್‌ಗೆ ಒಂದು ಬೊಕೆ ಕೊಟ್ಟು..."

"ನಂದನ್, ಬಾಯಿ ಮುಚ್ಚು."

"ಯಾಕೇ?"

ಹೇಳಿದೆ.

"ಅಂದ್ರೆ ನಾನು ಇಡೀ ದಿನ ಈ ವಿಷಯ ಹೊಟ್ಟೇಲಿ ಇಟ್ಕೊಂಡಿರ್ಬೇಕು. ನಾನು. ಹೆಲ್ತ್‌ಗೆ ಒಳ್ಳೇದಲ್ಲ ಕಣೇ ಅದು."

"ಬರೀ ನೀನಲ್ಲ. ಬೇರೆಯವರೂ ಹೇಳದ ಹಾಗೆ ನೋಡ್ಕೋ. ಸಂಜೆ ಹೊತ್ತಿಗೆ ಅರಾಕಾವಾ ಹೊಳೆ ದಂಡೆಗೆ ಕರ್ಕೊಂಡು ಬಾ."

"ಸಂಜೆ ತನಕ ಯಾಕೆ? ನಿನ್ನ ರೈಲು ಮಧ್ಯಾಹ್ನಕ್ಕೇ ಬರತ್ತಲ್ಲ."

"ಹಗಲು ಕತೆ ಹೇಳಬಾರದು. ಚಂದ್ರಮೌಳಿ ಮಾವ ಸ್ಕೂಟರ್‌ನಲ್ಲಿ ನಂಜನಗೂಡಿಗೆ ಹೊರಟಿದ್ದಾರಂತೆ. ಮೊದಲೇ ದಾರಿ ತಪ್ಪೋ ಮನುಷ್ಯ."

ನಂದನ್ ನಿಟ್ಟುಸಿರು ಬಿಟ್ಟ. "ನಿಮ್ಮಿಬ್ಬರಿಗೂ ಸರಿಯಾದ ಜೋಡಿ ಸಿಕ್ಕಿದೆ. ಅವರಿಗೊಂದು ಶಾಪ, ನಿನಗೊಬ್ಬ ಮಾವ."

ಮಾರನೆಯ ದಿನದ ವರದಿ ಆಮೇಲೆ ಅವನಿಂದಲೇ ಕೇಳಿದ್ದು. ಆಫೀಸಿನಲ್ಲಿ ಅವನು ಕಾವಲು ನಿಲ್ಲುವ ಮೊದಲೇ ಇಡೀ ವಿಭಾಗ ನಿಂತಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಕ್ರೀಡಾ ಪತ್ರಿಕೆಗಳೆಲ್ಲ ಡ್ರಾಯರ್ ಸೇರಿದ್ದವು. ಜಪಾನಿನ ಆಫೀಸು ಹಾಗೇ, ಯಾರೂ ಕೇಳಿಕೊಳ್ಳದ ಕೆಲಸವೇ ಎಲ್ಲಕ್ಕಿಂತ ಅಚ್ಚುಕಟ್ಟಾಗಿ ನಡೆಯುತ್ತದೆ. ಎಲ್ಲರೂ ಸಾವಿನ ಮನೆಗೆ ಬಂದವರ ಮುಖ ಹಾಕಿಕೊಂಡು ಓಡಾಡಿದರು, ನಗು ತಡೆಯಲಾರದ ಒಬ್ಬಾಕೆ ಆಗಾಗ ಎದ್ದು ಹೊರಗೆ ಹೋಗಿ ಬಂದಳು. ಹತಾನಾಕಾ ಸಾನ್ ಅವರ ಮುಖ ನೋಡಿ ಸೋಲೇ ಇರಬೇಕು ಅಂದುಕೊಂಡು ಸೊರಗಿದರು. ಊಟಕ್ಕೆ ನಂದನ್ ಅವರನ್ನು ನಿಶಿ ಕಸಾಯಿಗೆ ಕರೆದುಕೊಂಡು ಬಂದ. ಅಲ್ಲಿನ ನಮ್ಮ ಜನಕ್ಕೆ ಬೇಸ್‌ಬಾಲಿನ ಸುದ್ದಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಅಷ್ಟು ಸುರಕ್ಷಿತ ಜಾಗ ಟೋಕಿಯೋದಲ್ಲಿ ಇನ್ನೊಂದಿಲ್ಲ. ರೈಲಿನಲ್ಲಿ ಮಾತ್ರ ಎದುರಿನವರು ಪೇಪರ್ ಬಿಡಿಸಿ ಹಿಡಿದಿದ್ದರಿಂದ ಹತಾನಾಕಾ ಸಾನ್ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರಂತೆ. ನಂದನ್ ಕೈ ಹಿಡಿದು ಇಳಿಸಿದನಂತೆ.

ಹೊತ್ತು ಇಳಿಯುವಾಗ ಅರಾಕಾವಾ ನದಿಯ ದಂಡೆಯ ಹುಲ್ಲಿನ ಮೇಲೆ ನಾವು ಮೂವರೂ ಕೂತೆವು. ಆಚೆ ಕೋಟೋದ ಕಟ್ಟಡಗಳಲ್ಲಿ ಒಂದೊಂದೇ ದೀಪ. ಸೇತುವೆಯ ಮೇಲೆ ತೋಜಾಯಿ ಲೈನಿನ ರೈಲು. ಹತಾನಾಕಾ ಸಾನ್ ಕೋಟು ಮಡಚಿ ಪಕ್ಕಕ್ಕಿಟ್ಟರು, ಬೆನ್ನು ನೆಟ್ಟಗೆ ಮಾಡಿದರು, ಕಣ್ಣು ಮುಚ್ಚಿದರು.

ನಾನು ಶುರು ಮಾಡಿದೆ. ಮೊದಲ ಚೆಂಡು. "ಹೂಂ." ತುತ್ತೂರಿ, ತಮಟೆ. "ಹೂಂ." ಅವರ ತಂದೆಯ ಸೀಟು, ಒಬಾಸಾನಿನ ಬಿಸ್ಕತ್ತು. "ಹೂಂ," ಇದಕ್ಕೆ ಸ್ವಲ್ಪ ನಗು ಬೆರೆಯಿತು. ಎದುರಾಳಿಗಳ ಐದು, ನಮ್ಮ ಎರಡು. "ಹೂಂ." ಕೊನೆಯ ಸರದಿ. ಮೊದಲನೆಯವನು, ಎರಡನೆಯವನು, ಓಡದೆ ಕಟ್ಟೆ ಸೇರಿದ ಮೂರನೆಯವನು.

"ಮೂರು ಕಟ್ಟೆಯೂ ಭರ್ತಿ," ಅಂದೆ. "ಒಬ್ಬನೂ ಔಟಾಗಿಲ್ಲ."

ಹೂಂ ಬರಲಿಲ್ಲ.

ಕಾದೆ. ಸೇತುವೆಯ ಮೇಲೆ ಒಂದು ರೈಲು ಆ ಕಡೆ ಹೋಯಿತು, ಇನ್ನೊಂದು ಈ ಕಡೆ ಬಂತು.

"ಹತಾನಾಕಾ ಸಾನ್, ಹೂಂ ಅನ್ನಿ."

"ಇಲ್ಲೇ ನಿಲ್ಲಿಸೋಣ, ಕೋಕಿಲಾ ಸಾನ್." ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿತ್ತು. "ಇಲ್ಲಿಯ ತನಕ ತುಂಬ ಚೆನ್ನಾಗಿದೆ. ಮೂರು ಕಟ್ಟೆ ಭರ್ತಿ, ಯಾರೂ ಔಟಾಗಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ನಮ್ಮ ತಂಡಕ್ಕೆ ಸಿಕ್ಕಿಲ್ಲ. ಇಲ್ಲೇ ಇರಲಿ ಅವರು."

ಹುಲ್ಲಿನ ಮೇಲೆ ಅಂಗಾತ ಮಲಗಿದ್ದ ನಂದನ್ ಕನ್ನಡದಲ್ಲಿ ನರಳಿದ. "ಕೋಕಿ, ಏನಾದ್ರೂ ಮಾಡೇ. ಬೆಳಿಗ್ಗೆಯಿಂದ ನಾಲಿಗೆ ಕಚ್ಕೊಂಡಿದೀನಿ. ಇನ್ನು ಐದು ನಿಮಿಷ, ಆಮೇಲೆ ನಾನು ಜವಾಬ್ದಾರ ಅಲ್ಲ."

ಅರ್ಧಕ್ಕೆ ಬಿಟ್ಟ ಕತೆ ನನ್ನ ಹಿಂದೆ ನಿಶಿ ಕಸಾಯಿಯ ಮನೆಯ ತನಕ ನಡೆದು ಬರುವುದನ್ನು ಯೋಚಿಸಿದೆ. ಮೂರು ಕಟ್ಟೆಯ ಮೇಲೆ ಮೂವರು ಕಾಯುತ್ತ ನಿಂತ ಕತೆ, ಅದೂ ಕೊಂಬು ಇರುವಂಥದ್ದು.

"ಮುಂದಿನದನ್ನು ನಾನೂ ನೋಡಲಿಲ್ಲ," ಅಂದೆ.

ಅವರ ಹುಬ್ಬು ಮೇಲೆ ಹೋಯಿತು. ನಾನು ಕೈ ಜೋಡಿಸಿದ್ದು, ಕಣ್ಣು ಮುಚ್ಚಿದ್ದು, ಕೋಣಗಳನ್ನು ಕಾಪಾಡೆಂದು ಬೇಡಿಕೊಂಡದ್ದು, ಬೇಡಿಕೊಂಡದ್ದು ಯಾರಲ್ಲಿ ಅನ್ನುವುದು, ಎಲ್ಲ ಹೇಳಿದೆ. ಮಹಿಷಾಸುರನ ಕತೆ ಅವರು ನನ್ನಿಂದಲೇ ಕೇಳಿದ್ದವರು. ಮೊದಲು ತುಟಿ ಅಲುಗಿತು, ಆಮೇಲೆ ಭುಜ. "ರೈಲು ಕಂಪನಿಯ ಕೋಣ ಅಂತ ಹೇಳಿದಿರಾ? ದೇವಿಗೆ?"

"ಹೇಳಿದೆ. ಅದೇ ಹೊತ್ತಿಗೆ ದೊಣ್ಣೆ ಬೀಸಿಯಾಗಿತ್ತು."

"ಹಾಗಾದರೆ ನಿಮ್ಮ ಪಕ್ಕದವರು?"

"ಟವೆಲ್ ಒಳಗಿದ್ದರು. ತಾವು ನೋಡಿದರೆ ಸೋಲುತ್ತದೆ ಅಂತ."

"ಮುಂದಿನ ಸಾಲಿನಲ್ಲಿ?"

"ಒಬ್ಬರು ಶೂ ಲೇಸ್ ಕಟ್ಟುತ್ತಿದ್ದರು, ಒಬ್ಬರು ಚಾವಣಿ ನೋಡುತ್ತಿದ್ದರು. ಅವರವರೇ ಶಾಪ ಅಂತ ಎಲ್ಲರಿಗೂ ಗೊತ್ತಿತ್ತು. ಬಿಯರ್ ಹುಡುಗಿ ನಮ್ಮ ಕಡೆ ತಿರುಗಿ ನಿಂತಿದ್ದಳು. ನಮ್ಮ ಭಾಗದಲ್ಲಿ ತೆರೆದ ಕಣ್ಣು ಒಂದೂ ಕಾಣಲಿಲ್ಲವಂತೆ."

ಕತ್ತಲಾಗುತ್ತಿತ್ತು.

"ಒಬಾಸಾನ್ ನಿಮಗೆ ಹೇಳಿ ಅಂದಿದ್ದಾರೆ," ಅಂದೆ. ಹುಬ್ಬಳ್ಳಿಯನ್ನು ಒಸಾಕಾಕ್ಕೆ ತಿರುಗಿಸಲು ನನಗೆ ಬಾರದು, ಆದರೂ ಹೇಳಿದೆ. "ನನ್ನಷ್ಟು ದೊಡ್ಡ ಶಾಪ ಯಾರೂ ಇಲ್ಲ, ಸುಮ್ಮನೆ ದೊಡ್ಡಸ್ತಿಕೆ ಮಾಡಬೇಡ ಅನ್ನು ಅವನಿಗೆ. ಖುರ್ಚಿ ಖಾಲಿ ಬಿಟ್ಟರೆ ಗಾಳಿ ಬೀಸಿ ನನಗೆ ಮೊಣಕಾಲು ನೋಯುತ್ತದೆ. ಬಂದು ಕೂತು ಕಣ್ಣು ಮುಚ್ಚಿಕೊಳ್ಳಲಿ."

ಅವರು ತಮ್ಮ ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಊರಿದರು. "ಅಪ್ಪನೂ," ಅಂದರು ನಿಧಾನವಾಗಿ, "ಎಪ್ಪತ್ತೊಂಬತ್ತರಲ್ಲಿ, ಆ ಹೊತ್ತಿಗೆ ಸರಿಯಾಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಬೈದಿದ್ದೆ, ಇಂಥ ಹೊತ್ತಿನಲ್ಲಿ ಏನದು ಅಂತ."

ಆಮೇಲೆ ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ, ಅಜ್ಜಿಗೆ ನಜರಬಾದಿನ ತನಕ ಕೇಳಿಸುವ ಹಾಗೆ ಹೇಳಿದರು: "ಹೂಂ."

"ಸದ್ದು ಕೇಳಿಸಿತು," ಅಂದೆ. "ತೆಂಗಿನಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾದ ಹಾಗೆ."

"ಹೂಂ."

"ಕಣ್ಣು ಬಿಟ್ಟಾಗ ಎಲ್ಲರ ಕೈಗಳೂ ಎಡಗಡೆಗೆ ಚಾಚಿದ್ದವು, ಎತ್ತರಕ್ಕೆ. ಚೆಂಡು ಜನರ ನಡುವೆ ಹೋಗಿ ಬಿದ್ದಾಗಿತ್ತು. ಯಾರೂ ಅದನ್ನು ಹಿಡಿದು ವಾಪಸ್ ಎಸೆಯುವ ಹಾಗಿರಲಿಲ್ಲ. ಮೂರನೆಯ ಕಟ್ಟೆಯವನು ಮನೆಗೆ ಬಂದ."

"ಹೂಂ."

"ಎರಡನೆಯ ಕಟ್ಟೆಯವನು ಬಂದ."

"ಹೂಂ." ದನಿ ಅರ್ಧವಾಗಿತ್ತು.

"ಮೊದಲ ಕಟ್ಟೆಯವನೂ ಬಂದ. ಈಗ ಐದು, ಐದು."

ಈ ಸಲದ ಹೂಂಗೆ ದನಿ ಇರಲಿಲ್ಲ, ಗದ್ದ ಮಾತ್ರ ಅಲುಗಿತು. ನಿಯಮದ ಪ್ರಕಾರ ಅದೂ ಹೂಂ. ನಂದನ್ ಎದ್ದು ಕೂತಿದ್ದ. ಅವರ ಮುಚ್ಚಿದ ಕಣ್ಣುಗಳ ಅಂಚು ಒದ್ದೆಯಾಗಿರುವುದು ಸೇತುವೆಯ ಮೇಲಿನ ರೈಲಿನ ಬೆಳಕಿಗೆ ಕಂಡಿತು.

"ಆಮೇಲೆ ದೊಣ್ಣೆ ಬೀಸಿದವನು," ಅಂದೆ. "ಅವನಿಗೆ ಅವಸರ ಇರಲಿಲ್ಲ. ಒಂದು ಕಟ್ಟೆ ಮುಟ್ಟಿದ, ಇನ್ನೊಂದು ಮುಟ್ಟಿದ, ಮೂರನೆಯದನ್ನೂ ಮುಟ್ಟಿದ. ಮನೆಯ ಹತ್ತಿರ ಹಿಂಡಿಗೆ ಹಿಂಡೇ ಕಾಯುತ್ತ ನಿಂತಿತ್ತು."

ಹತಾನಾಕಾ ಸಾನ್ ಕಣ್ಣು ತೆರೆದರು.

"ನಾಲ್ಕನೆಯ ಕೋಣವೂ ಮನೆ ಸೇರಿತು," ಅಂದೆ. ಕತೆ ಹೇಳಿ ಮುಗಿಸಿದೆ.